ಅಡಿಬರಹ ಗೊತ್ತು, ಉಪಶೀರ್ಷಿಕೆ ಗೊತ್ತು, ಪಾಠ ಮಾತ್ರ ಗೊತ್ತಿಲ್ಲ

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ, ಐದನೇ ತರಗತಿ. ಕತೆ ಪುಸ್ತಕ ಕೈಗೆ ಸಿಕ್ಕರೆ ಊಟಕ್ಕೂ ಏಳುವುದಿಲ್ಲ. ಅದೇ ವಿಜ್ಞಾನ, ಸಮಾಜ ಪಾಠ ಎಂದರೆ ಗಡಗಡ ಓದಿ ಮುಗಿಸುತ್ತಾನೆ, 'ಏನಿತ್ತು ಹೇಳು' ಎಂದರೆ ತಡವರಿಸುತ್ತಾನೆ. ಶೀರ್ಷಿಕೆ, ಉಪಶೀರ್ಷಿಕೆ, ದಪ್ಪಕ್ಷರ, ಚಿತ್ರದ ಅಡಿಬರಹ, ಪದಸೂಚಿ ಇವನ್ನೆಲ್ಲ ಗುರುತಿಸಲು ಕಲಿಸಿ ಎಂದು ಶಾಲೆಯಲ್ಲಿ ಹೇಳಿದರು. ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದೆವು. ಈಗ ಯಾವ ಪುಟ ತೆರೆದರೂ ಒಂದೊಂದರ ಹೆಸರನ್ನೂ ಪಟಪಟ ಹೇಳುತ್ತಾನೆ, ಪಾಠ ಮಾತ್ರ ಅರ್ಥವಾಗಿರುವುದಿಲ್ಲ. ಮೊನ್ನೆ ಹೃದಯದ ಪಾಠ ಓದಿದ ಮೇಲೆ ಅವನಿಗೆ ನೆನಪಿದ್ದದ್ದು ಆಕ್ಟೋಪಸ್‌ಗೆ ಮೂರು ಹೃದಯ ಎಂಬುದೊಂದೇ. ಜೊತೆಗೆ, ನಮ್ಮ ಮೈಯಲ್ಲಿ ನೀಲಿ ರಕ್ತವೂ ಇದೆ ಎಂದು ವಾದ ಬೇರೆ. 'ಚಿತ್ರ ನೋಡ್ತಾ ಕೂರಬೇಡ, ಮೊದಲನೇ ಸಾಲಿಂದ ಕೊನೇ ಸಾಲಿನ ತನಕ ಓದು' ಎಂದು ಅವರಪ್ಪ ಗದರುತ್ತಾರೆ. ಪುಸ್ತಕದ ಮುಕ್ಕಾಲು ಪಾಲು ಹಳದಿ ಹೈಲೈಟರ್ ಬಳಿದಿದ್ದಾನೆ. ಇವನಿಗೆ ನೆನಪಿನ ಶಕ್ತಿ ಕಡಿಮೆಯೇ? ನಾವು ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ನೆನಪಿನ ಶಕ್ತಿಯ ಚಿಂತೆಯನ್ನು ಮೊದಲು ಪಕ್ಕಕ್ಕಿಡಿ. ಒಂದೇ ಸಲ ಓದಿ ಆಕ್ಟೋಪಸ್‌ನ ಮೂರು ಹೃದಯವನ್ನು ನೆನಪಿಟ್ಟುಕೊಂಡ ಹುಡುಗನ ನೆನಪು ಚೆನ್ನಾಗಿಯೇ ಇದೆ. ಪುಟದಲ್ಲಿ ಯಾವುದು ಮುಖ್ಯ, ಯಾವುದು ಒಗ್ಗರಣೆ ಎಂದು ತೂಗಿ ನೋಡುವುದು ಅವನಿಗೆ ಇನ್ನೂ ಬಂದಿಲ್ಲ, ಅಷ್ಟೆ. ಕತೆಯನ್ನು ಚೆನ್ನಾಗಿ ಓದುವ ಮಕ್ಕಳಲ್ಲೂ ಇದು ಕಾಣುತ್ತದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಕತೆ ಹೇಗೆ ಸಾಗುತ್ತದೆ ಎಂಬುದು ಮಗುವಿಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿರುತ್ತದೆ. ಒಬ್ಬ ಇರುತ್ತಾನೆ, ಅವನಿಗೆ ಏನೋ ಬೇಕಾಗುತ್ತದೆ, ಅಡ್ಡಿ ಬರುತ್ತದೆ, ಕೊನೆಗೆ ಏನೋ ಒಂದಾಗುತ್ತದೆ. 'ಆಮೇಲೆ?' ಎಂಬ ಒಂದೇ ಪ್ರಶ್ನೆ ಅವನನ್ನು ಕೊನೆಯವರೆಗೆ ಎಳೆದುಕೊಂಡು ಹೋಗುತ್ತದೆ. ವಿಜ್ಞಾನದ ಪುಟಕ್ಕೆ ಹಾಗೆ ಒಂದೇ ದಾರಿ ಇಲ್ಲ. ಒಂದು ಪ್ಯಾರಾದಲ್ಲಿ ವರ್ಣನೆ, ಮುಂದಿನದರಲ್ಲಿ ಎರಡು ವಸ್ತುಗಳ ಹೋಲಿಕೆ, ಅದರಾಚೆ ಕಾರಣ ಮತ್ತು ಪರಿಣಾಮ, ಪುಟ ಮಗುಚಿದರೆ ಹಂತ ಹಂತವಾಗಿ ನಡೆಯುವ ಒಂದು ಕ್ರಿಯೆ. ದಾರಿ ತಿರುಗುವ ಕಡೆಯಲ್ಲೆಲ್ಲ ಉಪಶೀರ್ಷಿಕೆ ಇಟ್ಟಿರುತ್ತಾರೆ. ನಿಮ್ಮ ಮಗ ಅಲ್ಲೂ 'ಆಮೇಲೆ?' ಎಂದು ಕೇಳಿಕೊಂಡೇ ಓಡುತ್ತಿದ್ದಾನೆ.

ಶೀರ್ಷಿಕೆಗೆ ಎಷ್ಟು ಬಲವಿದೆ ಎಂಬುದನ್ನು ತೋರಿಸುವ ಹಳೆಯ ಪ್ರಯೋಗವೊಂದಿದೆ. 1972ರಲ್ಲಿ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ ಎಂಬ ಮನೋವಿಜ್ಞಾನಿಗಳು ಕೆಲವರಿಗೆ ಒಂದು ಪ್ಯಾರಾ ಓದಿ ಕೇಳಿಸಿದರು. ವಸ್ತುಗಳನ್ನು ಗುಂಪು ಗುಂಪಾಗಿ ವಿಂಗಡಿಸಬೇಕು, ಕೆಲಸ ಕಡಿಮೆಯಿದ್ದರೆ ಒಂದೇ ಗುಂಪು ಸಾಕು, ಒಮ್ಮೆಗೇ ಬಹಳ ಹಾಕುವುದಕ್ಕಿಂತ ಸ್ವಲ್ಪ ಸ್ವಲ್ಪವೇ ಲೇಸು ಎಂಬ ಧಾಟಿಯ ಪ್ಯಾರಾ. ಒಂದೂ ಕಷ್ಟದ ಪದವಿರಲಿಲ್ಲ. ಆದರೂ ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ, ನೆನಪಿನಲ್ಲಿ ಉಳಿದದ್ದೂ ಸ್ವಲ್ಪವೇ. ಇನ್ನೊಂದು ಗುಂಪಿಗೆ 'ಇದು ಬಟ್ಟೆ ಒಗೆಯುವ ವಿಷಯ' ಎಂದು ಮೊದಲೇ ಹೇಳಿದ್ದರು. ಅವರಿಗೆ ಅರ್ಥವೂ ಆಯಿತು, ಹೆಚ್ಚು ನೆನಪೂ ಉಳಿಯಿತು. ಮೂರನೆಯ ಗುಂಪಿಗೆ ವಿಷಯ ತಿಳಿಸಿದ್ದು ಓದಿ ಮುಗಿದ ಮೇಲೆ. ಅದರಿಂದ ಏನೂ ಉಪಯೋಗವಾಗಲಿಲ್ಲ.

ನಿಮ್ಮ ಮಗ ಜೋರಾಗಿ ಓದುವಾಗ ಒಮ್ಮೆ ಕಿವಿಗೊಟ್ಟು ಕೇಳಿ. 'ಹೃದಯದ ರಚನೆ ಹೃದಯವು ಎದೆಗೂಡಿನಲ್ಲಿ ಎರಡು ಶ್ವಾಸಕೋಶಗಳ ನಡುವೆ' ಎಂದು ಉಪಶೀರ್ಷಿಕೆಯನ್ನೂ ಮೊದಲ ವಾಕ್ಯವನ್ನೂ ಒಂದೇ ಉಸಿರಿಗೆ ಎಳೆದರೆ, ಅವನ ಪಾಲಿಗೆ ಅದು ಉಪಶೀರ್ಷಿಕೆ ಅಲ್ಲವೇ ಅಲ್ಲ. ಪೂರ್ಣವಿರಾಮವಿಲ್ಲದ ಇನ್ನೊಂದು ಸಾಲು. ಅದೇ ಪುಟದಲ್ಲಿ 'ಉಪಶೀರ್ಷಿಕೆ ಎಲ್ಲಿದೆ ತೋರಿಸು' ಎಂದರೆ ತಕ್ಷಣ ಬೆರಳಿಡುತ್ತಾನೆ. ಪೆಡಲ್, ಬ್ರೇಕ್, ಚೈನು ಎಂದು ಬಿಡಿಭಾಗಗಳ ಹೆಸರು ಹೇಳಲು ಬಂದವನಿಗೆಲ್ಲ ಸೈಕಲ್ ಹೊಡೆಯಲು ಬರುವುದಿಲ್ಲವಲ್ಲ. ಗೋಡೆಯ ಚಾರ್ಟ್ ಕೊಟ್ಟಿದ್ದು ಬಿಡಿಭಾಗಗಳ ಹೆಸರನ್ನು ಮಾತ್ರ.

ಅಪ್ಪ ಹೇಳುವುದರಲ್ಲಿ ಸರಿ ಎಷ್ಟು?

ಮೊದಲನೇ ಸಾಲಿನಿಂದ ಕೊನೇ ಸಾಲಿನವರೆಗೆ ಓದಬೇಕು ಎಂಬ ನಿಯಮ ಕಾದಂಬರಿಗೆ ಸರಿ. ಮಾಹಿತಿ ಪುಸ್ತಕವನ್ನು ವೃತ್ತಿಯಾಗಿ ಓದುವವರು ಯಾರೂ ಹಾಗೆ ಓದುವುದಿಲ್ಲ. ವೈದ್ಯರಾಗಲಿ ವಕೀಲರಾಗಲಿ ಮೊದಲು ಪರಿವಿಡಿಗೋ ಪದಸೂಚಿಗೋ ಹೋಗುತ್ತಾರೆ, ಬೇಕಾದ ಪುಟಕ್ಕೆ ಹಾರುತ್ತಾರೆ, ಕೋಷ್ಟಕ ನೋಡಿ ಮತ್ತೆ ಹಿಂದಕ್ಕೆ ಬರುತ್ತಾರೆ. ಪಠ್ಯಪುಸ್ತಕದ ಪಾಠವನ್ನು ಪೂರ್ತಿ ಓದಬೇಕು, ನಿಜ. ಆದರೆ ಮೇಲಿಂದ ಕೆಳಕ್ಕೆ ಒಂದೇ ಓಟದಲ್ಲಿ ಓದಬೇಕೆಂದೇನೂ ಇಲ್ಲ.

ಚಿತ್ರ ನೋಡುವುದು ಸೋಮಾರಿತನ ಎಂಬುದಂತೂ ಪೂರಾ ತಪ್ಪು. ಮಕ್ಕಳು ಚಿತ್ರವನ್ನು ಬೇಕಾದ್ದಕ್ಕಿಂತ ಕಡಿಮೆ ನೋಡುತ್ತಾರೆ. ಹನ್ನುಸ್ ಮತ್ತು ಹ್ಯುಯೊನಾ ಎಂಬ ಸಂಶೋಧಕರು 1999ರಲ್ಲಿ ನಿಮ್ಮ ಮಗನ ವಯಸ್ಸಿನ ಮಕ್ಕಳು ವಿಜ್ಞಾನ ಪಠ್ಯ ಓದುವಾಗ ಕಣ್ಣು ಎಲ್ಲೆಲ್ಲಿ ಹರಿಯುತ್ತದೆ ಎಂದು ಉಪಕರಣವಿಟ್ಟು ದಾಖಲಿಸಿದರು. ಮಕ್ಕಳ ಕಣ್ಣು ಬಹುಪಾಲು ಅಕ್ಷರಗಳ ಮೇಲೆಯೇ ಇತ್ತು, ಚಿತ್ರದ ಪಾಲಿಗೆ ಸಿಕ್ಕಿದ್ದು ತೀರಾ ಸ್ವಲ್ಪ. ಚೆನ್ನಾಗಿ ಕಲಿಯುವ ಮಕ್ಕಳು ಮಾತ್ರ ಪಠ್ಯದಲ್ಲಿ ಮತ್ತು ಚಿತ್ರದಲ್ಲಿ ಯಾವ ಭಾಗ ಬೇಕೋ ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ನಿಮ್ಮ ಮನೆಯಲ್ಲಿ ಕಾಣುವುದು ಬಹುಶಃ ಇನ್ನೊಂದು ಬಗೆ: ಪುಟ ತೆರೆದ ಕೂಡಲೇ ಚಿತ್ರದ ಮೇಲೆ ಕಣ್ಣಾಡಿಸುವುದು, ಆಮೇಲೆ ಅದನ್ನು ಮರೆತು ಸಾಲುಗಳನ್ನು ಗಡಗಡ ಓದುವುದು. ಚಿತ್ರ ಬೇರೆ, ಪಾಠ ಬೇರೆ. ಚಿತ್ರದಿಂದ ಸಾಲಿಗೆ, ಸಾಲಿನಿಂದ ಚಿತ್ರಕ್ಕೆ ಹೋಗಿಬರುವ ಅಭ್ಯಾಸವೇ ಇಲ್ಲಿ ಬೇಕಾದದ್ದು. ಗದರಿದರೆ ಇರುವ ನೋಟವೂ ಹೋಗುತ್ತದೆ.

ಆ ಹೃದಯದ ಪುಟವನ್ನೇ ತೆಗೆದುಕೊಳ್ಳೋಣ

ನೀಲಿ ರಕ್ತದ ವಾದಕ್ಕೆ ಬೈಯಬೇಡಿ, ಅದು ಚಿತ್ರವನ್ನು ನಂಬಿದ್ದರ ಫಲ. ಆಮ್ಲಜನಕ ಕಡಿಮೆಯಾದ ರಕ್ತವನ್ನು ಚಿತ್ರಗಳಲ್ಲಿ ನೀಲಿ ಬಣ್ಣದಲ್ಲಿ ತೋರಿಸುವುದು ರೂಢಿ. ಮೈಯೊಳಗೆ ಅದರ ಬಣ್ಣ ಕಡುಗೆಂಪು. ಚಿತ್ರದ ಮೂಲೆಯಲ್ಲಿ ಬಣ್ಣಗಳ ಸೂಚಿ ಇದ್ದರೆ ಈ ಮಾತು ಅಲ್ಲಿರುತ್ತದೆ, ಇಲ್ಲದಿದ್ದರೆ ಅಡಿಬರಹದಲ್ಲಿ ಇರಬೇಕು. ಎರಡೂ ಇಲ್ಲದ ಪುಸ್ತಕಗಳೂ ಇವೆ, ಅಲ್ಲಿ ತಪ್ಪು ಮಗುವಿನದ್ದಲ್ಲ.

ಇದೇ ಚಿತ್ರದಲ್ಲಿ ಇನ್ನೊಂದು ತೊಡಕಿದೆ. 'ಬಲ ಹೃತ್ಕರ್ಣ' (ಹೃದಯದ ಮೇಲಿನ ಬಲ ಕೋಣೆ) ಎಂಬ ಹೆಸರುಪಟ್ಟಿ ಪುಟದ ಎಡಗಡೆ ಇರುತ್ತದೆ! ಎದುರಿಗೆ ನಿಂತ ಮನುಷ್ಯನ ಹೃದಯವನ್ನು ನಾವು ನೋಡುತ್ತಿದ್ದೇವೆ, ಅವನ ಬಲ ನಮ್ಮ ಎಡಕ್ಕೆ ಬರುತ್ತದೆ. ದೊಡ್ಡವರಿಗೆ ಇದು ಹೇಳಬೇಕಾದ ಮಾತೇ ಅಲ್ಲ ಅನ್ನಿಸುತ್ತದೆ. ಹತ್ತು ವರ್ಷದ ಹುಡುಗ ಮಾತ್ರ 'ರಕ್ತವು ಬಲ ಹೃತ್ಕರ್ಣಕ್ಕೆ ಬರುತ್ತದೆ' ಎಂಬ ಸಾಲು ಓದಿ ಚಿತ್ರದ ಬಲಗಡೆ ಹುಡುಕುತ್ತಾನೆ, ಅಲ್ಲಿ ಎಡ ಹೃತ್ಕರ್ಣ ಸಿಗುತ್ತದೆ. ಅವನು ಚಿತ್ರವನ್ನೇ ಕೈಬಿಟ್ಟು ಸಾಲನ್ನು ಬಾಯಿಪಾಠ ಮಾಡಲು ಹೊರಡುವುದು ಇಂಥ ಕಡೆಯಲ್ಲೇ.

ಮೂರನೆಯದು ಇನ್ನೂ ಸೂಕ್ಷ್ಮ. ನೀಲಿ ಎಂದರೆ ಅಭಿಧಮನಿ (ಹೃದಯಕ್ಕೆ ರಕ್ತ ತರುವ ನಾಳ), ಕೆಂಪು ಎಂದರೆ ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ಎಂದು ಮಕ್ಕಳು ತಾವಾಗಿಯೇ ಒಂದು ಲೆಕ್ಕ ಹಾಕಿಕೊಳ್ಳುತ್ತಾರೆ. ಬಲ ಹೃತ್ಕುಕ್ಷಿಯಿಂದ, ಅಂದರೆ ಕೆಳಗಿನ ಬಲ ಕೋಣೆಯಿಂದ, ಶ್ವಾಸಕೋಶಕ್ಕೆ ಹೋಗುವ ನಾಳವನ್ನು ನೋಡಿ: ಬಣ್ಣ ನೀಲಿ, ಹೆಸರು ಅಪಧಮನಿ. ಬಣ್ಣ ಹೇಳುವುದು ಒಳಗಿರುವ ರಕ್ತದ ಸ್ಥಿತಿಯನ್ನು. ಹೆಸರು ಬಂದದ್ದು ರಕ್ತ ಹೃದಯದಿಂದ ಹೊರಗೆ ಹೋಗುತ್ತಿದೆಯೋ ಒಳಗೆ ಬರುತ್ತಿದೆಯೋ ಎಂಬುದರಿಂದ. ಚಿತ್ರ, ಹೆಸರುಪಟ್ಟಿ, ಪಠ್ಯದ ಸಾಲು ಈ ಮೂರನ್ನೂ ಒಟ್ಟಿಗೆ ಹಿಡಿದಾಗಲೇ ಇದು ಬಿಡಿಸಿಕೊಳ್ಳುತ್ತದೆ.

ಹೀಗಾಗಿ ಇಂಥ ಪುಟದಲ್ಲಿ ನಾನು ಮಕ್ಕಳ ಕೈಯಲ್ಲಿ ಮಾಡಿಸುವುದು ಒಂದೇ ಕೆಲಸ. ಎಡಗೈ ಬೆರಳು ಸಾಲಿನ ಮೇಲೆ, ಬಲಗೈ ಬೆರಳು ಚಿತ್ರದ ಮೇಲೆ. ಸಾಲಿನಲ್ಲಿ ರಕ್ತ ಹೃತ್ಕರ್ಣಕ್ಕೆ ಬಂದರೆ ಬಲಗೈ ಬೆರಳೂ ಅಲ್ಲಿಗೆ ಬರಬೇಕು. ಕವಾಟ ದಾಟಿ ಹೃತ್ಕುಕ್ಷಿಗೆ ಇಳಿದರೆ ಬೆರಳೂ ಇಳಿಯಬೇಕು. ಬೆರಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತರೆ ಅಲ್ಲೇ ಅರ್ಥ ಕಡಿದಿದೆ ಎಂದು ಗೊತ್ತಾಗುತ್ತದೆ, ಅವನಿಗೂ ನಿಮಗೂ. ಇಡೀ ದೇಹ ಸುತ್ತಿ ಬಂದ ಮೇಲೆ ಒಂದು ಪ್ರಶ್ನೆ ಕೇಳಿ: 'ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ದಪ್ಪ ಬರೆದಿದ್ದಾರಲ್ಲ, ಯಾಕೆ?' ಅನೇಕ ಪುಸ್ತಕಗಳಲ್ಲಿ ಇದನ್ನು ಚಿತ್ರ ಮಾತ್ರ ಹೇಳುತ್ತದೆ, ಪಠ್ಯ ಹೇಳುವುದಿಲ್ಲ. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು, ಎಡಗಡೆಯದು ಮೈಯೆಲ್ಲಕ್ಕೂ ತಳ್ಳಬೇಕು. ಅವನು ಇದನ್ನು ತಾನೇ ಕಂಡುಕೊಂಡರೆ ಮುಂದಿನ ಪಾಠದ ಚಿತ್ರವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾನೆ.

ಆಕ್ಟೋಪಸ್ ಯಾಕೆ ಉಳಿಯಿತು?

ಅದು ಪಕ್ಕದ ಬಾಕ್ಸಿನಲ್ಲಿ ಇತ್ತು ಎಂದು ನನ್ನ ಊಹೆ. 'ನಿಮಗಿದು ಗೊತ್ತೇ?' ಎಂಬ ತಲೆಬರಹದ, ಬಣ್ಣದ ಹಿನ್ನೆಲೆಯ ಬಾಕ್ಸ್. ಮುಖ್ಯ ವಿಷಯಕ್ಕೆ ಸಂಬಂಧವಿಲ್ಲದ ರಂಜಕ ವಿವರ ಸೇರಿಸಿದರೆ ಓದುಗರು ಅದನ್ನೇ ಹಿಡಿದುಕೊಂಡು ಮುಖ್ಯ ವಿಷಯವನ್ನು ಬಿಟ್ಟುಬಿಡುತ್ತಾರೆ ಎಂಬುದನ್ನು ರೂತ್ ಗಾರ್ನರ್ ಮತ್ತು ಸಂಗಡಿಗರು 1989ರಲ್ಲೇ ತೋರಿಸಿದ್ದಾರೆ. ದೊಡ್ಡವರೂ ಇದಕ್ಕೆ ಬಲಿಯಾಗುತ್ತಾರೆ. ಪ್ರಕಾಶಕರಿಗೆ ಬಾಕ್ಸ್ ಎಂದರೆ ಪ್ರೀತಿ, ಪುಟ ಚೆಂದ ಕಾಣುತ್ತದೆ. ಓದುವ ಮಗುವಿಗೆ ಅದು ಕೆಲವೊಮ್ಮೆ ಅಡ್ಡದಾರಿ. ಬಾಕ್ಸನ್ನು ಮುಚ್ಚಿಡಬೇಕಾಗಿಲ್ಲ, ಕೊನೆಗೆ ಓದಲಿ. ಓದಿದ ಮೇಲೆ 'ಇದು ಪಾಠದ ಯಾವ ಮಾತಿಗೆ ಅಂಟಿಕೊಳ್ಳುತ್ತೆ?' ಎಂದು ಕೇಳಿ. ಯಾವುದಕ್ಕೂ ಅಂಟುವುದಿಲ್ಲ ಎಂದು ಅವನು ಹೇಳಿದರೆ ಅದೂ ಒಳ್ಳೆಯ ಉತ್ತರವೇ.

ದಪ್ಪಕ್ಷರದ ಬಗ್ಗೆ ಇರುವುದು ಅರ್ಧಸತ್ಯ. ದಪ್ಪಗೆ ಅಚ್ಚಾದದ್ದೇ ಮುಖ್ಯಾಂಶ ಎಂದು ಮಕ್ಕಳೂ ಕೆಲವು ಶಿಕ್ಷಕರೂ ನಂಬಿರುತ್ತಾರೆ. ಸಾಮಾನ್ಯವಾಗಿ ಅದು ಹೊಸ ಪದದ ಗುರುತು: 'ಈ ಪದ ಇಲ್ಲಿ ಮೊದಲ ಸಲ ಬಂದಿದೆ, ಅರ್ಥ ಇಲ್ಲೇ ಆಸುಪಾಸಿನಲ್ಲಿದೆ, ಇಲ್ಲವೇ ಕೊನೆಯ ಪದಕೋಶದಲ್ಲಿದೆ' ಎಂದಷ್ಟೇ ಅದರ ಸೂಚನೆ. 'ಕವಾಟ' ದಪ್ಪಕ್ಷರದಲ್ಲಿ ಇರುತ್ತದೆ. 'ರಕ್ತ ಹಿಂದಕ್ಕೆ ಹರಿಯದಂತೆ ತಡೆಯುತ್ತದೆ' ಎಂಬ ತಿರುಳು ಸಾದಾ ಅಕ್ಷರದಲ್ಲಿ ಇರುತ್ತದೆ. ದಪ್ಪಕ್ಷರ ಮಾತ್ರ ಆಯ್ದು ಓದಿದವನ ಕೈಯಲ್ಲಿ ಉಳಿಯುವುದು ಹೆಸರುಗಳ ರಾಶಿ.

ಹೈಲೈಟರ್ ಕಿತ್ತುಕೊಳ್ಳಿ ಎನ್ನಲಾರೆ, ಆದರೆ ಅದರಿಂದ ಓದಾಗುತ್ತಿದೆ ಎಂಬ ಭ್ರಮೆ ಬೇಡ. ಕಲಿಕೆಯ ಹತ್ತು ವಿಧಾನಗಳನ್ನು ತೂಗಿ ನೋಡಿದ ಜಾನ್ ಡನ್‌ಲಾಸ್ಕಿ ತಂಡದ 2013ರ ವಿಮರ್ಶೆಯಲ್ಲಿ, ಗೆರೆ ಎಳೆಯುವುದು ಮತ್ತು ಬಣ್ಣ ಬಳಿಯುವುದು ಕಡಿಮೆ ಪ್ರಯೋಜನದ ಸಾಲಿಗೆ ಸೇರಿದವು. ಓದಿದ್ದನ್ನು ಪುಸ್ತಕ ಮುಚ್ಚಿ ತನಗೆ ತಾನೇ ಪರೀಕ್ಷೆ ಮಾಡಿಕೊಳ್ಳುವುದು ಹೆಚ್ಚು ಪ್ರಯೋಜನದ ಸಾಲಿನಲ್ಲಿತ್ತು. ಮುಕ್ಕಾಲು ಪುಟ ಹಳದಿಯಾದರೆ ಏನನ್ನೂ ಆರಿಸಲಿಲ್ಲ ಎಂದೇ ಅರ್ಥ. ಒಂದು ಉಪಶೀರ್ಷಿಕೆಯ ಕೆಳಗೆ ಒಂದೇ ವಾಕ್ಯ, ಅದೂ ಪೂರ್ತಿ ಓದಿದ ಮೇಲೆ ಎಂಬ ಕರಾರು ಹಾಕಿದರೆ ಹೈಲೈಟರ್ ಸ್ವಲ್ಪ ಉಪಯೋಗಕ್ಕೆ ಬರುತ್ತದೆ.

ನಕ್ಷೆ ಮತ್ತು ಗ್ರಾಫು

ಇವೆರಡೂ ಅಚ್ಚಾದ ಕಾರಣಕ್ಕೇ ನಿಜ ಎಂದು ಮಕ್ಕಳು ನಂಬುತ್ತಾರೆ. 1569ರಲ್ಲಿ ಮರ್ಕೇಟರ್ ರೂಪಿಸಿದ ಬಗೆಯ ಪ್ರಪಂಚ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಆಫ್ರಿಕಾದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡಿನದು 22 ಲಕ್ಷಕ್ಕೂ ಕಡಿಮೆ. ಹಡಗಿನವರಿಗೆ ದಿಕ್ಕು ಸರಿಯಾಗಿ ಸಿಗಲಿ ಎಂದು ಮಾಡಿದ ನಕ್ಷೆ ಅದು. ಧ್ರುವದತ್ತ ಹೋದಷ್ಟೂ ನೆಲ ಹಿಗ್ಗುತ್ತದೆ. ಸೌರವ್ಯೂಹದ ಚಿತ್ರವೂ ಹೀಗೆಯೇ. ಭೂಮಿಯನ್ನು 1 ಸೆಂಟಿಮೀಟರ್ ಅಗಲದ ಗುಂಡಾಗಿ ಬರೆದರೆ ಸೂರ್ಯ 1 ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲವಿರಬೇಕು, ಎರಡರ ನಡುವೆ ಸುಮಾರು 117 ಮೀಟರ್ ದೂರವಿರಬೇಕು. ಯಾವ ಪುಟದಲ್ಲೂ ಅದು ಹಿಡಿಯದು. 'ಚಿತ್ರ ಅಳತೆಗೆ ತಕ್ಕಂತೆ ಇಲ್ಲ' ಎಂದು ಕೆಳಗೆ ಸಣ್ಣಕ್ಷರದಲ್ಲಿ ಇರುವ ಸಾಲೇ ಆ ಪುಟದ ಅತಿ ಮುಖ್ಯ ಅಡಿಬರಹ.

ಸ್ತಂಭಾಲೇಖದಲ್ಲಿ, ಅಂದರೆ ಕಂಬಗಳ ಗ್ರಾಫಿನಲ್ಲಿ, ಮೊದಲು ನೋಡಬೇಕಾದದ್ದು ಎಡಗಡೆಯ ಅಂಕೆ ಸೊನ್ನೆಯಿಂದ ಶುರುವಾಗಿದೆಯೇ ಎಂಬುದನ್ನು. 90ರಿಂದ ಶುರುಮಾಡಿ 94ಕ್ಕೂ 98ಕ್ಕೂ ಒಂದೊಂದು ಕಂಬ ನಿಲ್ಲಿಸಿದರೆ ಎರಡನೆಯದು ಮೊದಲಿನದರ ಎರಡರಷ್ಟು ಎತ್ತರ ಕಾಣುತ್ತದೆ. ನಿಜವಾದ ವ್ಯತ್ಯಾಸ ಶೇಕಡಾ 4ರ ಆಸುಪಾಸು. ಗ್ರಾಫ್ ಓದುವುದು ಮನುಷ್ಯನಿಗೆ ಹುಟ್ಟಿನಿಂದ ಬಂದ ವಿದ್ಯೆಯೇನಲ್ಲ. ವಿಲಿಯಂ ಪ್ಲೇಫೇರ್ ಎಂಬಾತ ವ್ಯಾಪಾರದ ಅಂಕಿಅಂಶಗಳನ್ನು ಗೆರೆ, ಕಂಬಗಳಲ್ಲಿ ಬರೆದು ಪ್ರಕಟಿಸಿದ್ದು 1786ರಲ್ಲಿ. ಹತ್ತು ವರ್ಷದವನಿಗೆ ಅದನ್ನು ಕೂತು ಹೇಳಿಕೊಡಬೇಕಾಗುತ್ತದೆ.

ಏನು ಮಾಡಬಹುದು, ಯಾವುದರಲ್ಲಿ ಏನು ಅಪಾಯ

ಪಾಠಕ್ಕೆ ಕೂರುವ ಮುಂಚೆ ಎರಡು ನಿಮಿಷ ಪುಟ ತಿರುವಿಸಿ: ಶೀರ್ಷಿಕೆ, ಉಪಶೀರ್ಷಿಕೆ, ಚಿತ್ರ, ಕೊನೆಯ ಪ್ರಶ್ನೆಗಳು. ಏನು ಬರಬಹುದು ಎಂದು ಅವನು ಊಹಿಸಲಿ. ಅಪಾಯ ಇಲ್ಲಿದೆ: ಕೆಲವು ಮಕ್ಕಳು ತಮ್ಮ ಊಹೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಪಾಠ ಬೇರೆ ಹೇಳಿದರೂ ಕೇಳಿಸಿಕೊಳ್ಳುವುದಿಲ್ಲ. ಓದಿದ ಮೇಲೆ 'ನಿನ್ನ ಊಹೆಯಲ್ಲಿ ಯಾವುದು ತಪ್ಪಾಯ್ತು?' ಎಂದು ಕೇಳುವುದನ್ನು ಮರೆಯಬೇಡಿ.

ಉಪಶೀರ್ಷಿಕೆಯನ್ನು ಪ್ರಶ್ನೆಯಾಗಿ ತಿರುಗಿಸುವುದು ಹಳೆಯ ಉಪಾಯ. ಅಮೆರಿಕದ ಮನೋವಿಜ್ಞಾನಿ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಮುಂದಿಟ್ಟ ಐದು ಹಂತದ ಓದಿನಲ್ಲಿ ಎರಡನೆಯ ಹಂತವೇ ಇದು. ಮೇಲೋಟ, ಪ್ರಶ್ನೆ, ಓದು, ಒಪ್ಪಿಸುವುದು, ಮರಳಿ ನೋಡುವುದು ಎಂಬುದು ಅವರ ಕ್ರಮ. ನಾನಂತೂ ಹೆಚ್ಚು ನೆಚ್ಚಿರುವುದು ಇದನ್ನೇ, ಆದರೆ ಪ್ರಶ್ನೆಯ ಗುಣದ ಮೇಲೆ ಎಲ್ಲವೂ ನಿಂತಿದೆ. 'ಹೃದಯದ ರಚನೆ' ಎಂಬುದನ್ನು 'ಹೃದಯದ ರಚನೆ ಏನು?' ಎಂದು ತಿರುಗಿಸಿದರೆ ಕೊನೆಗೊಂದು ಚಿಹ್ನೆ ಸೇರಿತು, ಅಷ್ಟೆ. 'ಒಂದೇ ಕೋಣೆ ಸಾಕಿತ್ತಲ್ಲ, ನಾಲ್ಕು ಯಾಕೆ?' ಎಂದು ಕೇಳಿದ ಹುಡುಗ ಉತ್ತರ ಹುಡುಕುತ್ತಾ ಓದುತ್ತಾನೆ. ಶುರುವಿನಲ್ಲಿ ಪ್ರಶ್ನೆಯನ್ನು ನೀವೇ ಕಟ್ಟಿಕೊಡಿ. ಉಪಶೀರ್ಷಿಕೆಯೇ ಸೊರಗಿದ್ದರೆ, ಬರೀ 'ಪೀಠಿಕೆ', 'ಇತರ ಅಂಶಗಳು' ಎಂದಿದ್ದರೆ, ಈ ಉಪಾಯ ನಡೆಯುವುದಿಲ್ಲ. ಆಗ ಪ್ಯಾರಾ ಓದಿದ ಮೇಲೆ ಅವನೇ ಒಂದು ಒಳ್ಳೆಯ ಉಪಶೀರ್ಷಿಕೆ ಬರೆದು ಅಂಟಿಸಲಿ. ಇದು ನಿಧಾನದ ಕೆಲಸ. ಪ್ರತಿ ಪಾಠಕ್ಕೂ ಮಾಡಿಸಲು ಹೋದರೆ ಓದೇ ಬೇಸರವಾದೀತು, ಕಷ್ಟದ ಪಾಠಕ್ಕೆ ಮೀಸಲಿಡಿ.

ಅಡಿಬರಹದ ಮೇಲೆ ಕಾಗದದ ಚೂರು ಮುಚ್ಚಿ, ಚಿತ್ರ ನೋಡಿ ಅವನೇ ಅಡಿಬರಹ ಬರೆಯುವ ಆಟವೂ ಚೆನ್ನಾಗಿದೆ. ಪದಸೂಚಿಯನ್ನು ಬೇಕಾಗಿ ಬಳಸಲಿ: ಅವನು ಏನಾದರೂ ಕೇಳಿದಾಗ ಉತ್ತರ ಹೇಳುವ ಬದಲು ಪುಸ್ತಕ ಕೊಟ್ಟು ಹುಡುಕಲು ಹೇಳಿ. ಕನ್ನಡ ಪದಸೂಚಿಯಲ್ಲಿ ಹುಡುಕಲು ವರ್ಣಮಾಲೆಯ ಕ್ರಮ ಬಾಯಲ್ಲಿರಬೇಕು, ಎಷ್ಟೋ ಮಕ್ಕಳಿಗೆ 'ಧ' ಮೊದಲೋ 'ನ' ಮೊದಲೋ ಎಂಬಲ್ಲೇ ಗೊಂದಲ. 'ಪುಟದಲ್ಲಿರುವ ಅಡಿಬರಹಗಳನ್ನು ಎಣಿಸಿ' ಎಂಬ ಮಾದರಿಯ ವರ್ಕ್‌ಶೀಟುಗಳನ್ನು ಇನ್ನು ಬಿಟ್ಟುಬಿಡಿ, ಅದನ್ನು ಅವನು ದಾಟಿಯಾಗಿದೆ.

ಇಷ್ಟೆಲ್ಲ ಮಾಡಿದರೂ ದಾಟಲಾಗದ ಗೋಡೆಯೊಂದಿದೆ: ವಿಷಯದ ಪರಿಚಯವೇ ಇಲ್ಲದಿರುವುದು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಬೇಸ್‌ಬಾಲ್ ಆಟದ ಬಗೆಗಿನ ಬರಹವೊಂದನ್ನು ಮಕ್ಕಳಿಗೆ ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ಪಂಪು ಎಂದರೇನು, ಕವಾಟ ಏನು ಮಾಡುತ್ತದೆ ಎಂದು ಕಂಡೇ ಇಲ್ಲದ ಮಗುವಿಗೆ ಉಪಶೀರ್ಷಿಕೆ ಎಷ್ಟು ತಾನೇ ನೆರವಾದೀತು? ಪಾಠಕ್ಕೆ ಮೊದಲು ಐದು ನಿಮಿಷ ಮಾತಾಡಿ, ಒಂದು ವಿಡಿಯೋ ತೋರಿಸಿ, ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಲಿ.

ಕೊನೆಗೊಂದು ಪರೀಕ್ಷೆ ನೀವೇ ಮಾಡಿ. ಅವನು ಇನ್ನೂ ಓದದ ಒಂದು ಪುಟವನ್ನು ನೀವು ಓದಿ ಕೇಳಿಸಿ, ಚಿತ್ರ ಅವನ ಮುಂದಿರಲಿ. ಕೇಳಿದರೆ ಚೆನ್ನಾಗಿ ಅರ್ಥವಾಗಿ, ತಾನೇ ಓದಿದರೆ ಆಗದಿದ್ದರೆ ತೊಂದರೆ ಅಕ್ಷರ ಬಿಡಿಸುವಲ್ಲಿ ಇರಬಹುದು. ಕತೆಯಲ್ಲಿ ಪರಿಚಿತ ಪದಗಳೇ ಹೆಚ್ಚು, ಅಲ್ಲಿ ಅದು ಮರೆಯಾಗಿರುತ್ತದೆ. 'ಅಭಿಧಮನಿ'ಯಂಥ ಪದ ಬಂದಾಗ ಬಯಲಾಗುತ್ತದೆ. ಹಾಗಾದರೆ ತರಗತಿಯ ಶಿಕ್ಷಕರಿಗೆ ಇದನ್ನೇ ವಿವರವಾಗಿ ಹೇಳಿ, ಓದಿನ ತೊಂದರೆ ನೋಡುವ ವಿಶೇಷ ಶಿಕ್ಷಕರ ಬಳಿ ಒಮ್ಮೆ ಕರೆದೊಯ್ಯಿರಿ. ಚಿತ್ರದ ಸಣ್ಣ ಹೆಸರುಪಟ್ಟಿಗಳನ್ನು ಓದಲು ಪುಸ್ತಕವನ್ನು ಮೂಗಿನ ಹತ್ತಿರ ತರುತ್ತಾನಾದರೆ ಕಣ್ಣಿನ ಪರೀಕ್ಷೆಯೂ ಆಗಲಿ. ಕೇಳಿದರೂ ಅರ್ಥವಾಗದಿದ್ದರೆ ಪದ ಮತ್ತು ವಿಷಯದ ಪರಿಚಯ ಸಾಲದು. ಮೊದಲು ಮಾತುಕತೆ, ಆಮೇಲೆ ಪುಟ. ಕೇಳಿದರೂ ಅರ್ಥವಾಗುತ್ತದೆ, ಬೆರಳಿಟ್ಟು ನಿಧಾನವಾಗಿ ತಾನೇ ಓದಿದರೂ ಅರ್ಥವಾಗುತ್ತದೆ ಎಂದಾದರೆ ಅವನಿಗೆ ಇದ್ದದ್ದು ಗಡಗಡ ಓದುವ ಚಾಳಿ ಮಾತ್ರ, ಅದಕ್ಕೆ ಮೇಲಿನ ಎರಡು ಮೂರು ಉಪಾಯಗಳೇ ಸಾಕು.